ಅವನ ಕೈಲಿ ದೇವಸ್ಥಾನ ಬಿಡಿಸಬೇಡ ಮಗಳೇ

ಮಗಳೇ, ನಿನ್ನ ಮೆಸೇಜನ್ನು ಮೊಮ್ಮಗಳು ಎರಡು ಸಲ ಓದಿ ಹೇಳಿದಳು. ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ. ನಾನು ಮಾತಾಡುತ್ತಾ ಹೋಗುತ್ತೇನೆ, ಅವಳು ಬರೆದು ಗ್ರೂಪಿಗೆ ಹಾಕುತ್ತಾಳೆ. ಉದ್ದ ಆಗುತ್ತೆ, ಪೂರ್ತಿ ಓದಿ.

ನೀನು ಕೇಳಿದ್ದು ಇದು ಅಲ್ವಾ? ನಿನ್ನ ಮಗ ಹೋದ ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಯಾವುದೋ ಹುಡುಗಿಯನ್ನು ಕಂಡ. ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದಳಂತೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಒಂದು ಮಾತೂ ಆಡಿಲ್ಲ. ಫೋನಲ್ಲಿ ಒಂದು ಫೋಟೋ ತೆಗೆದುಕೊಂಡಿದ್ದಾನೆ, ಅದನ್ನೇ ನೋಡುತ್ತಾ ಕೂರುತ್ತಾನೆ. ದೇವರ ಮುಂದೆ ಕಣ್ಣು ಮುಚ್ಚಿದರೆ ಅವಳ ಮುಖವೇ ಬರುತ್ತೆ, ನಾನು ಪಾಪಿ ಅಂತ ಹೇಳಿ ಶನಿವಾರದ ಪೂಜೆ ಬಿಟ್ಟಿದ್ದಾನೆ. ಹಣೆಗೆ ನಾಮ ಇಡುವುದನ್ನೂ ಬಿಟ್ಟಿದ್ದಾನೆ. ಮನಸ್ಸು ಸರಿಹೋಗುವ ತನಕ ಅವನು ದೇವಸ್ಥಾನದಿಂದ ದೂರ ಇರುವುದೇ ಒಳ್ಳೆಯದಾ, ಇಂಥ ಮನಸ್ಸಿಟ್ಟುಕೊಂಡು ಹೋದರೆ ದೋಷ ಬರುತ್ತಾ ದೊಡ್ಡಪ್ಪ ಅಂತ ಕೇಳಿದ್ದೀಯ.

ಬೇಡ ಮಗಳೇ. ಅವನ ಕೈಲಿ ದೇವಸ್ಥಾನ ಬಿಡಿಸಬೇಡ. ಯಾರು ಏನೇ ಹೇಳಲಿ, ಅದೊಂದು ಮಾಡಬೇಡ. ಯಾಕೆ ಅಂತ ಹೇಳುತ್ತೇನೆ. ಇದನ್ನು ನಿನ್ನ ಅಪ್ಪನಿಗೂ ನಾನು ಇವತ್ತಿನ ತನಕ ಹೇಳಿಲ್ಲ.

1974ರಲ್ಲಿ ಮೇಲುಕೋಟೆಯ ವೈರಮುಡಿ, ಅಂದರೆ ಚೆಲುವರಾಯ ಸ್ವಾಮಿಗೆ ವಜ್ರದ ಕಿರೀಟ ಇಡುವ ಉತ್ಸವ. ನನಗೆ 19 ವರ್ಷ. ಅವ್ವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಹೊತ್ತ ಹರಕೆ ಒಂದಿತ್ತು, ಹೋಗಲೇಬೇಕು ಅಂದಳು. ಗಾಡಿ ಕಟ್ಟಿಕೊಂಡು ಹೊರಟೆವು. ದಾರಿಯುದ್ದಕ್ಕೂ ಒಂದೇ ಮಾತು. "ನಂಗೆ ಕಾಣಾಕಿಲ್ಲ ಮಗ. ನೀನೇ ನನ್ ಕಣ್ಣು. ಚೆಲುವರಾಯ ಮುಡಿ ಇಟ್ಕೊಂಡ್ ಈಚೆ ಬಂದಾಗ ಹೆಂಗವ್ನೆ ಅಂತ ನಂಗ್ ಹೇಳು, ಅಷ್ಟೇ ಸಾಕು."

ನಿಮಗೆಲ್ಲ ಗೊತ್ತಿರುವುದೇ. ಆ ಮುಡಿ ವರ್ಷಕ್ಕೆ ಒಂದೇ ರಾತ್ರಿ, ಫಾಲ್ಗುಣದ ಪುಷ್ಯ ನಕ್ಷತ್ರದಲ್ಲಿ. ಅದಕ್ಕೆ ಹಗಲಿನ ಬೆಳಕು ತಾಗಬಾರದು ಅಂತಾರೆ. ಮುಡಿ ಏರಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಏರಿಸುತ್ತಾರೆ. ಅಂಥ ರಾತ್ರಿ ಅದು. ಬೀದಿಯಲ್ಲಿ ಕಾಲಿಡಲು ಜಾಗ ಇಲ್ಲ. ಅವ್ವನ ಕೈ ಹಿಡಿದು ಒಂದು ಜಗಲಿಯ ಪಕ್ಕ ನಿಂತಿದ್ದೆ.

ಪಂಜಿನ ಬೆಳಕಲ್ಲಿ ಒಂದು ಹುಡುಗಿ ಕಂಡಳು. ತನ್ನ ಕಡೆಯವರ ಜೊತೆ ಬಂದಿದ್ದಳು. ಹಸಿರು ಸೀರೆ, ತಲೆ ತುಂಬ ಕನಕಾಂಬರ. ಅವಳು ನನ್ನ ಕಡೆ ನೋಡಲೂ ಇಲ್ಲ. ನನಗೆ ಮಾತ್ರ ಸುತ್ತಲಿನ ಗಲಾಟೆ ಎಲ್ಲ ನಿಂತುಹೋದ ಹಾಗಾಯಿತು. ಅವರು ಜನದ ನಡುವೆ ನುಗ್ಗಿ ಕಲ್ಯಾಣಿ ಕಡೆ ಹೊರಟರು. ನಾನು ಅವ್ವನ ಕೈ ಬಿಟ್ಟೆ. "ಇಲ್ಲೇ ಇರವ್ವ, ಒಂದ್ ನಿಮಿಷ" ಅಂದೆ. ಎಲ್ಲಿಗೆ, ಯಾಕೆ ಅಂತ ಅವ್ವ ಕೇಳಲೂ ಇಲ್ಲ. ಅವರ ಹಿಂದೆ ಎಷ್ಟು ದೂರ ಹೋದೆನೋ. ಒಂದು ತಿರುವಿನಲ್ಲಿ ಅವರು ಜನದಲ್ಲಿ ಕಳೆದುಹೋದರು. ಆಗ ಬೆನ್ನ ಹಿಂದೆ ಇಡೀ ಬೀದಿ "ಗೋವಿಂದಾ" ಅಂತ ಕೂಗಿತು. ಗರುಡನ ಮೇಲೆ ಸ್ವಾಮಿ ಹೊರಗೆ ಬಂದಿದ್ದ. ತಿರುಗಿ ಓಡಿದೆ. ಜನ ಬಿಡಲಿಲ್ಲ. ಎಲ್ಲರೂ ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡಿದ್ದರು, ನನಗೆ ಕಂಡಿದ್ದು ಬೆನ್ನುಗಳು ಮಾತ್ರ.

ಅವ್ವ ಇದ್ದ ಜಾಗದಲ್ಲಿ ಅವ್ವ ಇರಲಿಲ್ಲ. ನೂಕಾಟದಲ್ಲಿ ಎಲ್ಲೋ ಸರಿದುಹೋಗಿದ್ದಳು. ಬೆಳಗಿನ ಜಾವದ ತನಕ ಹುಡುಕಿದೆ. ಕೊನೆಗೆ ಕಲ್ಯಾಣಿ ಮೆಟ್ಟಿಲ ಮೇಲೆ ಸಿಕ್ಕಳು. ಯಾರೋ ಪುಣ್ಯಾತ್ಮರು ಕೂರಿಸಿ, ಹೊದೆಯಲು ಒಂದು ಟವೆಲು ಕೊಟ್ಟಿದ್ದರು. ಕಾಲಿನ ಬೆರಳು ಜಜ್ಜಿ ರಕ್ತ ಬಂದಿತ್ತು. ನನ್ನ ದನಿ ಕೇಳಿದ ಕೂಡಲೆ ಕೈ ಚಾಚಿ ಕೇಳಿದ್ದು ಒಂದೇ, "ನೋಡ್ದಾ ಮಗ? ಹೆಂಗಿತ್ತು?"

ನೋಡಿದೆ ಅಂದುಬಿಟ್ಟೆ ಮಗಳೇ. ಚುಕ್ಕಿ ಥರ ಹೊಳೀತಿತ್ತವ್ವ ಅಂದೆ. ಅವ್ವ ಎರಡೂ ಕೈ ಎತ್ತಿ ಮುಗಿದಳು. ಆ ಕೈ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ನಾನು ಪಾಪಿ, ನನ್ನ ಕಣ್ಣು ಕೊಳಕು, ಇನ್ನು ಮೇಲುಕೋಟೆ ಬೆಟ್ಟ ಹತ್ತಬಾರದು ಅಂತ ನನಗೆ ನಾನೇ ಶಿಕ್ಷೆ ಹಾಕಿಕೊಂಡೆ. ನಿನ್ನ ಮಗ ಈಗ ಮಾಡುತ್ತಿರುವುದೂ ಅದನ್ನೇ. ಅವ್ವ ಊರಿನವರಿಗೆಲ್ಲ "ನನ್ ಮಗ ಕಣ್ಣಾರೆ ನೋಡವ್ನೆ, ಚುಕ್ಕಿ ಥರ ಹೊಳೀತಿತ್ತಂತೆ" ಅಂತ ಹೇಳುವಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪ್ರತಿ ವರ್ಷ ಕರೆದುಕೊಂಡು ಹೋಗು ಅಂತ ಕೇಳುವಳು. ಗದ್ದೆ ಕೆಲಸ ಅನ್ನುತ್ತಿದ್ದೆ, ಎತ್ತಿಗೆ ಹುಷಾರಿಲ್ಲ ಅನ್ನುತ್ತಿದ್ದೆ. ಅವ್ವ 1981ರಲ್ಲಿ ತೀರಿಕೊಂಡಳು. ಅವಳಿಗೆ ಮತ್ತೆ ಒಂದು ಸಲವೂ ಮೇಲುಕೋಟೆಗೆ ಹೋಗಲು ಆಗಲೇ ಇಲ್ಲ.

ಆ ಹುಡುಗಿಯನ್ನು ನಾನು ನೋಡಿದ್ದು ಒಂದು ಗಳಿಗೆ. ಅವಳ ಮುಖ ಎರಡು ವರ್ಷಕ್ಕೇ ಮರೆತುಹೋಯಿತು. ದೇವಸ್ಥಾನ ಬಿಟ್ಟಿದ್ದು ಒಂಬತ್ತು ವರ್ಷ.

1983ರಲ್ಲಿ ಒಬ್ಬ ದಾಸಯ್ಯ ಬಾಗಿಲಿಗೆ ಬಂದಿದ್ದ. ಶಂಖ, ಜಾಗಟೆ, ಭಿಕ್ಷೆ ಹಾಕಿಸಿಕೊಳ್ಳುವ ಬವನಾಸಿ. ವಯಸ್ಸಾದವನು. ಅಕ್ಕಿ ಹಾಕುವಾಗ ಯಾಕೋ ಗಂಟಲು ಕಟ್ಟಿ ಅವನ ಹತ್ತಿರ ಎಲ್ಲ ಹೇಳಿಬಿಟ್ಟೆ. ಅವನು ಜಗಲಿ ಮೇಲೆ ಕೂತು ಶ್ರೀರಂಗದ ಧನುರ್ದಾಸನ ಕಥೆ ಹೇಳಿದ. ಅವನೊಬ್ಬ ಜಟ್ಟಿ. ಹೆಂಡತಿಯ ಕಣ್ಣಿಗೆ ಮರುಳಾಗಿ, ಉತ್ಸವದ ಬೀದಿಯಲ್ಲೇ ಅವಳಿಗೆ ಕೊಡೆ ಹಿಡಿದು, ಸ್ವಾಮಿ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದನಂತೆ. ಜನ ನಕ್ಕರು. ರಾಮಾನುಜರು ನಗಲಿಲ್ಲ, ಬೈಯಲೂ ಇಲ್ಲ. ಇದಕ್ಕಿಂತ ಚೆಂದದ ಕಣ್ಣು ತೋರಿಸಿದರೆ ಬರುತ್ತೀಯಾ ಅಂತ ಕೇಳಿ, ರಂಗನಾಥನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಅವರ ಶಿಷ್ಯರಾದರು. "ಹೊರಗೆ ಹೋಗು ಅನ್ನಲಿಲ್ಲ ಕಣಪ್ಪ, ಒಳಗೆ ಬಾ ಅಂದರು" ಅಂದ ದಾಸಯ್ಯ. ಆ ಮಾತು ಕೇಳಿ ನಾನು ಮಾರನೆಯ ದಿನವೇ ಬೆಟ್ಟ ಹತ್ತಿದೆ.

ನಮ್ಮ ಸ್ವಾಮಿಯ ಹೆಸರೇ ಚೆಲುವನಾರಾಯಣ ಅಲ್ವಾ? ದಿಲ್ಲಿ ಸುಲ್ತಾನನ ಮಗಳು ಆ ಮೂರ್ತಿಯ ಚೆಲುವಿಗೆ ಮನಸೋತು ಅಷ್ಟು ದೂರದಿಂದ ಹಿಂದೆಯೇ ಬಂದಳು ಅಂತಾರೆ. ಅವಳು ಬೇರೆ ಮತದವಳು. ಆದರೂ ಬೀಬಿ ನಾಚ್ಚಿಯಾರ್ ಅಂತ ಸ್ವಾಮಿಯ ಪಾದದ ಹತ್ತಿರವೇ ಜಾಗ ಕೊಟ್ಟಿದ್ದಾರೆ. ಚೆಲುವಿಗೆ ಮನಸೋತವರನ್ನು ಆಚೆ ಹಾಕುವ ದೇವಸ್ಥಾನ ಅಲ್ಲ ಅದು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಅವನ ಕೈಲಿ ದೇವಸ್ಥಾನ ಬಿಡಿಸಬೇಡ. ನೋಡಿದ್ದಕ್ಕೆ ಶಿಕ್ಷೆ ಅಂತ ಬಿಟ್ಟರೆ, ಆಮೇಲೆ ವಾಪಸ್ ಹೋಗಲು ಕಾಲೇ ಬರುವುದಿಲ್ಲ. ನನಗೆ ಗೊತ್ತು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಮಂಡ್ಯ ಖಜಾನೆಯಿಂದ ವೈರಮುಡಿ ಪೆಟ್ಟಿಗೆ ಮೇಲುಕೋಟೆಗೆ ಹೋಗುವ ದಿನ ದಾರಿಯಲ್ಲಿ ನಮ್ಮ ಮನೆಯ ಪಾನಕ ಮಜ್ಜಿಗೆ ಇರುತ್ತಿತ್ತು. ಅವ್ವ ಹೋದ ಮೇಲೆ, ಅವಳ ಹೆಸರಲ್ಲಿ ನಾನೇ ಶುರು ಮಾಡಿದ್ದು. ನಾವು ಅಣ್ಣತಮ್ಮಂದಿರು ಒಟ್ಟಿಗಿದ್ದಾಗ ಹೆಂಗಸರು ಬೆಳಗಾಗುವುದರೊಳಗೆ ಬೀದಿ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವರು. ಹಂಡೆಗಟ್ಟಲೆ ಪಾನಕ. ಜಮೀನು ಪಾಲಾಯಿತು, ಪಾನಕವೂ ನಿಂತುಹೋಯಿತು. ಬೆಲ್ಲ ನಿನ್ನ ಪಾಲಿಗೆ, ಮೊಸರು ಅವನ ಪಾಲಿಗೆ ಅಂತ ಶುರುವಾಗಿ, ಕೊನೆಗೆ ಯಾರೂ ತರಲಿಲ್ಲ. ಈಗ ಈ ಗ್ರೂಪಲ್ಲಿ ಎಷ್ಟು ಜನರ ಹತ್ತಿರ ಕಾರು ಇದೆ? ಹೋದ ವರ್ಷ ವೈರಮುಡಿಗೆ ಬರುತ್ತೀರಾ ಅಂತ ಕೇಳಿದೆ. ಫೋನಲ್ಲೇ ಲೈವ್ ಬರುತ್ತೆ ದೊಡ್ಡಪ್ಪ ಅಂದಿರಿ. ನನ್ನನ್ನು ಕರೆದುಕೊಂಡು ಹೋಗಿದ್ದು ಪಕ್ಕದ ಮನೆಯ ಹುಡುಗ. ನನಗೆ ತುಂಬ ನೋವಾಯಿತು. ಅವತ್ತು ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ. ನಮ್ಮ ಹುಡುಗರ ಜೊತೆ ದೇವಸ್ಥಾನಕ್ಕೆ ಹೋಗುವ ದೊಡ್ಡವರೇ ಇಲ್ಲದಿದ್ದರೆ, ಇಂಥ ಸಂಕಟ ಬಂದಾಗ ಅವರು ಯಾರನ್ನು ಕೇಳಬೇಕು?

ಇರಲಿ. ಮಾಡಬೇಕಾದ್ದು ಏನು ಅಂತ ಹೇಳುವುದೇ ಮರೆತೆ. ಮೊಮ್ಮಗಳು ನೆನಪಿಸುತ್ತಿದ್ದಾಳೆ.

ಮೊದಲು ಆ ಫೋಟೋ ಅಳಿಸಲಿ. ಇವತ್ತೇ. ಅವಳನ್ನು ಕೇಳದೆ ತೆಗೆದದ್ದು ಅದು. ತಪ್ಪು ಅಂತ ಇದ್ದರೆ ಅದು ಅಲ್ಲಿದೆ, ನೋಡಿದ್ದರಲ್ಲಿ ಇಲ್ಲ. ಆ ಮಗು ತನ್ನ ಹರಕೆ ತೀರಿಸಲು ಮೆಟ್ಟಿಲು ಹತ್ತುತ್ತಿತ್ತು. ನಮ್ಮ ಮನೆ ಹುಡುಗಿಯ ಮುಖ ಯಾವನದೋ ಫೋನಲ್ಲಿ ಇದ್ದರೆ ನಾವು ಸುಮ್ನೆ ಇರುತ್ತೀವಾ? ಇನ್‌ಸ್ಟಾಗ್ರಾಮಲ್ಲಿ ಹುಡುಕುವುದು, ಬೆಟ್ಟದ ಹತ್ತಿರ ಕಾಯುವುದು, ಅದೂ ಬೇಡ. ಹಿಂದೆ ಹೋದವನು ಏನು ಕಳೆದುಕೊಂಡ ಅಂತ ಈ ಮೆಸೇಜನ್ನೇ ಅವನಿಗೆ ತೋರಿಸು. ನಾಚಿಕೆ ಆಗುತ್ತೆ ನನಗೆ, ಆದರೂ ತೋರಿಸು. ನೀನು ಬೈಯಬೇಡ, ಉಪವಾಸ ಹಾಕಿಸಬೇಡ, ಹೊಟ್ಟೆ ತುಂಬ ಊಟ ಹಾಕು.

ಈ ಶನಿವಾರ ಅವನನ್ನು ನನ್ನ ಹತ್ತಿರ ಕಳಿಸು. ಇಬ್ಬರೂ ಮೇಲುಕೋಟೆಗೆ ಹೋಗುತ್ತೇವೆ. ಕಣ್ಣು ಮುಚ್ಚಿದರೆ ಅವಳು ಬರುತ್ತಾಳೆ ಅಂದನಲ್ಲ, ಹಾಗಾದರೆ ಮುಚ್ಚಬೇಡ ಅನ್ನು. ಕಣ್ಣು ಬಿಟ್ಟು ನೋಡಲಿ. ನನ್ನ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದರಲ್ಲಿ ಪೊರೆ ಇದೆ, ಗರ್ಭಗುಡಿಯ ಬೆಳಕಲ್ಲಿ ನನಗೆ ಸರಿಯಾಗಿ ಕಾಣುವುದಿಲ್ಲ. ಅವನು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಚೆಲುವರಾಯನ ಅಲಂಕಾರ ಹೇಗಿದೆ ಅಂತ ನನಗೆ ಹೇಳಬೇಕು. ಆಮೇಲೆ ಪುಳಿಯೋಗರೆ ತಿಂದುಕೊಂಡು ಬರುತ್ತೇವೆ.

ಮೈಸೂರಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಡಲಿ. ನಾನು ಜಕ್ಕನಹಳ್ಳಿಯಲ್ಲಿ ಬಸ್ ಸ್ಟಾಪಿನ ಹತ್ತಿರ ನಿಂತಿರುತ್ತೇನೆ. ಬಸ್ಸು ಹತ್ತಿದ ಮೇಲೆ ಫೋನ್ ಮಾಡಲು ಹೇಳು.