ಎಸ್ಸೆಸ್ಸೆಲ್ಸಿ ಇಂಗ್ಲಿಷ್: ಪ್ರಬಂಧಕ್ಕೆ ನಾಲ್ಕರಲ್ಲಿ ಎರಡೇ ಅಂಕ ಬರುತ್ತಿದೆ, ಏನು ಮಾಡಬೇಕು?

ಹಾವೇರಿಯ ಪೋಷಕ:

ನನ್ನ ಮಗಳು ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಇಂಗ್ಲಿಷ್ ಅವಳಿಗೆ ದ್ವಿತೀಯ ಭಾಷೆ. ಪದ್ಯವನ್ನು ತಪ್ಪಿಲ್ಲದೆ ಬರೆಯುತ್ತಾಳೆ, ವ್ಯಾಕರಣದ ಬಿಡಿ ಪ್ರಶ್ನೆಗಳಲ್ಲೂ ತೊಂದರೆಯಿಲ್ಲ. ಆದರೆ ಪ್ರಬಂಧಕ್ಕೆ ಮಾತ್ರ ಪ್ರತಿ ಪರೀಕ್ಷೆಯಲ್ಲೂ ನಾಲ್ಕಕ್ಕೆ ಎರಡು ದಾಟುವುದಿಲ್ಲ. ಗೈಡಿನಲ್ಲಿರುವ ಪ್ರಬಂಧಗಳನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಾಳೆ. ಈಚಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳ ಮೇಲೆ ಮೊಬೈಲ್ ಬಳಕೆಯ ಪರಿಣಾಮ ಎಂಬ ವಿಷಯ ಬಂದಾಗ, ಮೊಬೈಲಿನ ಉಪಯೋಗಗಳ ಬಗ್ಗೆ ಕಲಿತಿದ್ದ ಪ್ರಬಂಧವನ್ನೇ ಅಂದವಾದ ಅಕ್ಷರದಲ್ಲಿ ಬರೆದು ಬಂದಳು. ಅದಕ್ಕೂ ಎರಡೇ ಅಂಕ. ಇನ್ನಷ್ಟು ಪ್ರಬಂಧಗಳನ್ನು ಕಂಠಪಾಠ ಮಾಡಿಸಬೇಕೇ, ಅಥವಾ ಬೇರೆ ದಾರಿ ಇದೆಯೇ? ಮೌಲ್ಯಮಾಪನ ಮಾಡಿದ ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಇಂಗ್ಲಿಷ್ ಶಿಕ್ಷಕಿ:

ಮೊದಲು ಲೆಕ್ಕವನ್ನು ನೋಡೋಣ. ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆ 80 ಅಂಕಗಳದ್ದು, ಆಂತರಿಕ ಮೌಲ್ಯಮಾಪನ 20 ಅಂಕಗಳದ್ದು. ಇದರಲ್ಲಿ ಪ್ರಬಂಧಕ್ಕಿರುವುದು 4 ಅಂಕ, ಪತ್ರಕ್ಕೆ 5. ಎರಡು ಅಂಕಕ್ಕಾಗಿ ಇಷ್ಟು ಶ್ರಮ ಬೇಕೇ ಎಂದು ಕೆಲವರು ಕೇಳುತ್ತಾರೆ. ಆದರೆ ಪತ್ರದ ಒಡಲು, ಸುಳಿವುಗಳಿಂದ ಕಥೆ ಬೆಳೆಸುವುದು, ವ್ಯಕ್ತಿ ಪರಿಚಯ, ಪಾಠದ ದೀರ್ಘ ಉತ್ತರ ಇವೆಲ್ಲವೂ ಬೇಡುವುದು ಒಂದೇ ಸಾಮರ್ಥ್ಯವನ್ನು, ಅಂದರೆ ಸ್ವಂತವಾಗಿ ಹತ್ತು ಹನ್ನೆರಡು ಸರಿಯಾದ ವಾಕ್ಯಗಳನ್ನು ಒಂದರ ಹಿಂದೊಂದು ಜೋಡಿಸುವುದನ್ನು. ಪ್ರಬಂಧಕ್ಕೆಂದು ಮಾಡಿದ ಅಭ್ಯಾಸದ ಫಲ ಆ ಪ್ರಶ್ನೆಗಳಲ್ಲೂ ಕಾಣಿಸುತ್ತದೆ.

ನಿಮ್ಮ ಮಗಳಿಗೆ ಅಂಕ ಹೋದದ್ದು ಭಾಷೆಗಿಂತ ಹೆಚ್ಚಾಗಿ ವಿಷಯಕ್ಕೆ ಎಂದು ನನಗೆ ತೋರುತ್ತದೆ. ಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ಇದ್ದರು, ಉತ್ತರದಲ್ಲಿ ಮೊಬೈಲ್ ಮಾತ್ರ ಇತ್ತು. ಒಂದೇ ಗೈಡಿನ ಒಂದೇ ಪ್ರಬಂಧವನ್ನು ಕಟ್ಟಿನಲ್ಲಿ ಮತ್ತೆ ಮತ್ತೆ ಓದಿರುವ ಮೌಲ್ಯಮಾಪಕರು ಅದನ್ನು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. (ವಿಜ್ಞಾನವು ಒಳ್ಳೆಯ ಸೇವಕ, ಕೆಟ್ಟ ಯಜಮಾನ ಎಂಬ ಆ ಇಂಗ್ಲಿಷ್ ಸಾಲನ್ನು ಮೊಬೈಲಿಗೂ ಇಂಟರ್ನೆಟ್ಟಿಗೂ ದೂರದರ್ಶನಕ್ಕೂ ಅಂಟಿಸಿದ್ದನ್ನು ನಾನು ಸಾಕಷ್ಟು ನೋಡಿದ್ದೇನೆ.) ಪ್ರಶ್ನೆಗೆ ಹೊಂದದಿದ್ದರೆ ಎಷ್ಟೇ ಶುದ್ಧವಾಗಿದ್ದರೂ ಅದಕ್ಕೆ ಪೂರ್ಣ ಅಂಕ ಕೊಡಲು ಸಾಧ್ಯವಿಲ್ಲ. ಹಾಗಾಗಿ ವಿಷಯದಲ್ಲಿರುವ ಮುಖ್ಯ ಪದಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದು ಪ್ಯಾರಾದಲ್ಲೂ ಅವುಗಳ ಸಂಬಂಧ ಕಾಣಿಸುತ್ತಿದೆಯೇ ಎಂದು ನೋಡುವುದನ್ನು ಅವಳು ಮೊದಲು ರೂಢಿಸಿಕೊಳ್ಳಲಿ.

ಬರೆಯುವ ಮುನ್ನ ಕರಡು ಕೆಲಸಕ್ಕೆ ಬಿಟ್ಟ ಜಾಗದಲ್ಲಿ ನಾಲ್ಕೈದು ಅಂಶಗಳನ್ನು ಗುರುತು ಹಾಕಿಕೊಳ್ಳಲಿ. ಅವು ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ, ಆಮೇಲೆ ಆ ಟಿಪ್ಪಣಿಯನ್ನು ಹೊಡೆದು ಹಾಕಿದರೆ ಸಾಕು. ಅಂಶಗಳಲ್ಲಿ ಒಂದಾದರೂ ನಿರ್ದಿಷ್ಟವಾಗಿರಬೇಕು. ಮರಗಳ ಮಹತ್ವ ಎಂಬ ವಿಷಯವನ್ನೇ ತೆಗೆದುಕೊಳ್ಳಿ. ಮರಗಳು ನಮಗೆ ಗಾಳಿ, ನೆರಳು, ಹಣ್ಣು ಕೊಡುತ್ತವೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಆಲದ ಸಸಿಗಳನ್ನು ನೆಟ್ಟು ಬೆಳೆಸಿದರು, 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು ಎಂದು ಎರಡು ಸರಳ ವಾಕ್ಯ ಸೇರಿಸಿದರೆ, ಅಥವಾ 1983ರಲ್ಲಿ ಉತ್ತರ ಕನ್ನಡದ ಹಳ್ಳಿಗರು ಮರಗಳನ್ನು ಅಪ್ಪಿಕೊಂಡು ಉಳಿಸಿದ ಅಪ್ಪಿಕೋ ಚಳವಳಿಯನ್ನು ನೆನೆದರೆ, ಅದು ಇವಳೇ ಯೋಚಿಸಿ ಬರೆದ ಪ್ರಬಂಧವೆಂದು ಓದುವವರಿಗೆ ತಿಳಿಯುತ್ತದೆ. ಪ್ಲಾಸ್ಟಿಕ್ ಕುರಿತಾದರೆ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ ಎಂಬ ಒಂದು ಮಾಹಿತಿ, ಅದರ ಜೊತೆಗೆ ನಿಮ್ಮೂರಿನ ಸಂತೆಯಲ್ಲಿ ಅವಳು ಕಣ್ಣಾರೆ ಕಂಡದ್ದು, ಇಷ್ಟಿದ್ದರೆ ಒಂದು ಪ್ಯಾರಾ ತಾನಾಗಿಯೇ ತುಂಬುತ್ತದೆ.

ಭಾಷೆಯ ವಿಚಾರದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಮಾಡುವ ತಪ್ಪುಗಳು ಬಹುತೇಕ ಒಂದೇ ಬಗೆಯವು. ನನ್ನ ತಂದೆ ರೈತ ಎನ್ನಲು ನಮಗೆ ಕ್ರಿಯಾಪದ ಬೇಕಿಲ್ಲ, ಆದ್ದರಿಂದ ಇಂಗ್ಲಿಷಿನಲ್ಲೂ ಮಕ್ಕಳು ಮೈ ಫಾದರ್ ಫಾರ್ಮರ್ ಎಂದು ಬರೆದು ನಡುವಿನ ಈಸ್ ಮತ್ತು ಎ ಎರಡನ್ನೂ ಬಿಡುತ್ತಾರೆ. ಎದ್ದು, ಮುಖ ತೊಳೆದು, ಹಾಲು ಹಾಕಿ ಬಂದು ಓದಲು ಕುಳಿತೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದಾಗ ಆ್ಯಂಡ್ ಮೇಲೆ ಆ್ಯಂಡ್ ಸೇರಿ ವಾಕ್ಯ ಐದು ಸಾಲಿಗೆ ಹಬ್ಬುತ್ತದೆ, ಕೊನೆಗೆ ಅದರ ಕರ್ತೃ ಯಾರೆಂಬುದೇ ಕಳೆದುಹೋಗುತ್ತದೆ. ಒಂದು ವಾಕ್ಯದಲ್ಲಿ ಒಂದೇ ವಿಚಾರವಿರಲಿ, ಆ್ಯಂಡ್ ಒಂದಕ್ಕಿಂತ ಹೆಚ್ಚು ಬಂದರೆ ಅಲ್ಲಿಗೆ ಪೂರ್ಣವಿರಾಮ ಹಾಕಲಿ. ಈ ಒಂದು ನಿಯಮದಿಂದಲೇ ಅರ್ಧದಷ್ಟು ತಪ್ಪುಗಳು ಇಲ್ಲವಾಗುವುದನ್ನು ತರಗತಿಯಲ್ಲಿ ಕಂಡಿದ್ದೇನೆ.

ಗಡಿ ತಾಲ್ಲೂಕಿನ ಶಿಕ್ಷಕ:

ಮೇಡಂ ಅವರ ಮಾತುಗಳನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಕಂಠಪಾಠವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮೂರನೆಯದಾಗಿ ಇಂಗ್ಲಿಷ್ ಎದುರಿಸುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಉತ್ತೀರ್ಣರಾಗುವುದೇ ದೊಡ್ಡ ಗುರಿ. ಪಾಸಿಂಗ್ ಪ್ಯಾಕೇಜ್ ಎಂದು ನಾವು ಕೊಡುವ ಸಾಮಗ್ರಿಯನ್ನು ಹಗುರವಾಗಿ ಮಾತನಾಡುವವರು ಆ ಮಕ್ಕಳನ್ನು ನೋಡಿಲ್ಲ. ಖಾಲಿ ಬಿಡುವುದಕ್ಕಿಂತ ಕಲಿತದ್ದನ್ನು ಬರೆದು ಒಂದು ಅಂಕ ಪಡೆಯುವುದು ಮೇಲು.

ಆದರೂ ಇಡೀ ಪ್ರಬಂಧದ ಬದಲು ಚೌಕಟ್ಟನ್ನು ಕಲಿಸುವುದು ಒಳ್ಳೆಯದು ಎಂಬ ನಿರ್ಧಾರಕ್ಕೆ ನಾನೂ ಬಂದಿದ್ದೇನೆ. ವಿಷಯವನ್ನು ಪರಿಚಯಿಸುವ, ಕಾರಣ ಹೇಳುವ, ಉದಾಹರಣೆ ಕೊಡುವ, ಇನ್ನೊಂದು ಬದಿಯನ್ನು ತೋರಿಸುವ, ಮುಗಿಸುವ ವಾಕ್ಯಗಳ ಆರಂಭಗಳನ್ನಷ್ಟೇ ಬಾಯಿಪಾಠ ಮಾಡಿಸುತ್ತೇನೆ. ಉಳಿದದ್ದನ್ನು ಮಗುವೇ ತುಂಬಬೇಕು. ವಿಷಯ ಬದಲಾದರೂ ಈ ಆರಂಭಗಳು ಉಪಯೋಗಕ್ಕೆ ಬರುತ್ತವೆ. ಈ ಪ್ರಶ್ನೆ ಕೇಳಿದವರ ಮಗಳ ಮಟ್ಟಕ್ಕೆ ಮಾತ್ರ ಮೇಡಂ ಹೇಳಿದ ದಾರಿಯೇ ಸರಿ.

ಹಾವೇರಿಯ ಪೋಷಕ:

ಇಬ್ಬರಿಗೂ ಧನ್ಯವಾದಗಳು. ನನಗೆ ಉಳಿದಿರುವ ತೊಡಕೆಂದರೆ, ಅವಳು ಸ್ವಂತವಾಗಿ ಬರೆದದ್ದನ್ನು ಮನೆಯಲ್ಲಿ ತಿದ್ದುವವರು ಯಾರೂ ಇಲ್ಲ. ನನ್ನ ಇಂಗ್ಲಿಷ್ ಅವಳಿಗಿಂತ ಕಡಿಮೆ. ಶಾಲೆಯ ಶಿಕ್ಷಕರ ಮೇಲೆ ವಾರ ವಾರವೂ ಹೊರೆ ಹಾಕಲು ಸಂಕೋಚವಾಗುತ್ತದೆ.

ನಿವೃತ್ತ ಇಂಗ್ಲಿಷ್ ಶಿಕ್ಷಕಿ:

ಇಂಗ್ಲಿಷ್ ಬಾರದಿದ್ದರೂ ನೀವು ಮಾಡಬಹುದಾದ ಕೆಲಸ ಇದೆ, ಸರ್. ಅವಳು ಬರೆದ ಪ್ರಬಂಧವನ್ನು ವಾಕ್ಯ ವಾಕ್ಯವಾಗಿ ನಿಮಗೆ ಕನ್ನಡದಲ್ಲಿ ಹೇಳಲಿ. ಎಲ್ಲಿ ಅವಳು ತಡವರಿಸುತ್ತಾಳೋ, ಎಲ್ಲಿ ಒಂದೇ ಮಾತು ಎರಡು ಸಲ ಬರುತ್ತದೋ, ಎಲ್ಲಿ ವಿಷಯ ಬಿಟ್ಟು ಬೇರೆಡೆ ಹೋಗುತ್ತಾಳೋ ಅಲ್ಲಿ ತಡೆಯಿರಿ. ವಿಷಯದ ತಪ್ಪು ಹಿಡಿಯಲು ಕನ್ನಡ ಸಾಕು. ಅನಂತರ ಅವಳೇ ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಸುತ್ತು ಹಾಕಲಿ. ಸುತ್ತಿಲ್ಲದ ವಾಕ್ಯ ಕಂಡರೆ ಅದು ಅಪೂರ್ಣವೆಂದು ನಿಮಗೂ ಗೊತ್ತಾಗುತ್ತದೆ. ಕಾಗುಣಿತಕ್ಕಾಗಿ ಪರಿಸರ, ಸರ್ಕಾರ, ಶಿಕ್ಷಣ, ಆರೋಗ್ಯ ಮುಂತಾದ ವಿಷಯಗಳಲ್ಲಿ ಪದೇ ಪದೇ ಬರುವ ಇಂಗ್ಲಿಷ್ ಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ನೋಡದೆ ಬರೆಸಿ, ಪಟ್ಟಿಯೊಂದಿಗೆ ಹೋಲಿಸಿ. ಎನ್ವಿರಾನ್‌ಮೆಂಟ್ ಎಂಬ ಪದದಲ್ಲಿ ಎಂ ಅಕ್ಷರದ ಹಿಂದಿನ ಎನ್ ಅನ್ನು ಬಿಡುವವರೇ ಹೆಚ್ಚು.

ಶಿಕ್ಷಕರ ಬಳಿ ಇಡೀ ಪ್ರಬಂಧವನ್ನು ತಿದ್ದಿಕೊಡಿ ಎಂದು ಕೇಳುವ ಬದಲು, ಇದರಲ್ಲಿ ಮತ್ತೆ ಮತ್ತೆ ಆಗಿರುವ ಒಂದು ತಪ್ಪು ಯಾವುದು ಎಂದು ಮಾತ್ರ ಕೇಳಿಸಿ. ಅದಕ್ಕೆ ಅವರಿಗೂ ಹೆಚ್ಚು ಸಮಯ ಬೇಕಾಗುವುದಿಲ್ಲ. ಆ ತಪ್ಪನ್ನು ಸರಿಪಡಿಸಿ ಅದೇ ಪ್ರಬಂಧವನ್ನು ಮತ್ತೊಮ್ಮೆ ಬರೆಯಬೇಕು. ಹೊಸ ವಿಷಯಕ್ಕೆ ಹಾರುವ ಆತುರ ಬೇಡ. ಹಳೆಯ ಪ್ರಬಂಧವನ್ನು ತಿದ್ದಿ ಬರೆಯುವುದನ್ನು ಮಕ್ಕಳು ಶಿಕ್ಷೆ ಎಂದುಕೊಳ್ಳುತ್ತಾರೆ, ಆದರೆ ನಿಜವಾದ ಕಲಿಕೆ ನಡೆಯುವುದು ಅಲ್ಲಿಯೇ.

ಗಡಿ ತಾಲ್ಲೂಕಿನ ಶಿಕ್ಷಕ:

ಒಂದು ಮಾತು ಸೇರಿಸುತ್ತೇನೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಗಡಿಯಾರ ನೋಡಿಯೇ ಬರೆಸಿ. ಪತ್ರ ಮತ್ತು ಪ್ರಬಂಧ ಪ್ರಶ್ನೆಪತ್ರಿಕೆಯ ಕೊನೆಯ ಭಾಗದಲ್ಲಿರುವುದರಿಂದ, ಪಾಠದ ಉತ್ತರಗಳನ್ನು ಉದ್ದುದ್ದ ಬರೆದು ಕೊನೆಗೆ ಪ್ರಬಂಧವನ್ನು ಗೀಚುವ ಮಕ್ಕಳು ಬಹಳ. ನಿಮ್ಮ ಮಗಳು ಪತ್ರ ಮತ್ತು ಪ್ರಬಂಧವನ್ನು ಮೊದಲೇ ಬರೆದರೂ ತಪ್ಪಿಲ್ಲ, ಪ್ರಶ್ನೆಯ ಸಂಖ್ಯೆಯನ್ನು ಸರಿಯಾಗಿ ನಮೂದಿಸಿದರಾಯಿತು. ಫಲಿತಾಂಶದ ನಂತರ ಅಂಕದ ಬಗ್ಗೆ ಅನುಮಾನ ಉಳಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುವ ಅವಕಾಶವೂ ಇದೆ.