ಮಂಡ್ಯದ ಹೋಟೆಲಿಗೆ ಕಡಲಿನ ಮೀನು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ, ಮಂಡ್ಯದಿಂದ: ಮುದ್ದೆ, ಮೀನು ಸಾರಿನ ಸಣ್ಣ ಹೋಟೆಲ್ ತೆರೆಯುತ್ತಿದ್ದೇನೆ. ಕಡಲಿನಲ್ಲಿ ಮೀನು ಕಡಿಮೆಯಾಗುತ್ತಿದೆ ಎನ್ನುತ್ತಾರೆ. ಬಂಗುಡೆ, ಬೂತಾಯಿ ತರಿಸುವಾಗ ಇಷ್ಟು ದೂರದಲ್ಲಿರುವ ನಾವು ಏನನ್ನು ಗಮನಿಸಬಹುದು? ಮಳೆಗಾಲಕ್ಕೆ ಏನು ದಾರಿ? ಅನುಭವಸ್ಥರು ತಿಳಿಸಿ.

ಮೈಸೂರಿನ ಮೀನು ವ್ಯಾಪಾರಿ: ಮೊದಲು ಅಳತೆ, ಆಮೇಲೆ ಬೆಲೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ನಾನೂ ಅದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಮೀನು ಕತ್ತರಿಸುವ ಹಲಗೆಯ ಮೇಲೆ ಎರಡು ಗೆರೆ ಕೊರೆಸಿದ್ದೇನೆ. ಪೆಟ್ಟಿಗೆ ಬಿಚ್ಚಿದೊಡನೆ ಐಸ್ ಸರಿಸಿ, ತಳದಿಂದ ನಾಲ್ಕಾರು ಮೀನು ತೆಗೆದು ಅದರ ಮೇಲೆ ಮಲಗಿಸುತ್ತೇನೆ. ಮೇಲಿನ ಸಾಲು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಬಿಡಿ! ಮರಿಗಳೇ ತುಂಬಿದ್ದರೆ ಪೆಟ್ಟಿಗೆ ವಾಪಸ್. ನಾವು ಬಿಟ್ಟರೂ ಅವು ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತವಲ್ಲ ಎಂದು ಕೇಳುವವರಿದ್ದಾರೆ. ಹೋಗುತ್ತವೆ, ನಿಜ. ಆದರೆ ಅಲ್ಲಿ ಸಿಗುವುದು ಕಡಿಮೆ ಬೆಲೆ. ಊಟದ ಮೀನಿನ ಬೆಲೆಯನ್ನು ನಾವೇ ಮರಿಗೆ ಕೊಟ್ಟರೆ, ಮೊಟ್ಟೆ ಇಡುವ ಮೊದಲೇ ಅದನ್ನು ಬಾಚುವುದು ಇನ್ನಷ್ಟು ಲಾಭದ ಕೆಲಸವಾಗುತ್ತದೆ.

ಮಲ್ಪೆಯವರು, ಈಗ ಕುವೆಂಪುನಗರದಲ್ಲಿ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ನಾಡದೋಣಿಗಳಿಗೆ ಮಾತ್ರ ಅವಕಾಶ. ಹಾಗೆಂದು ಜುಲೈನಲ್ಲಿ ಬಂದ ತಾಜಾ ಮೀನೆಲ್ಲ ಕಳ್ಳಮಾಲಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ, ಆಮೇಲೆ ತಮಿಳುನಾಡಿನ ಮೀನು ಬರಬಹುದು. ಎಲ್ಲಿಯದು ಎಂದು ಕೇಳಿ. ನಾನಾದರೆ ಆ ಎರಡು ತಿಂಗಳು ಒಣಮೀನಿನಲ್ಲೇ ಅಡುಗೆ ನಡೆಸುತ್ತೇನೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನನ್ನು ಮಳೆಗಾಲದಲ್ಲಿ ಮಾರಿಯೇ ನಮ್ಮಮ್ಮ ಮನೆ ನಡೆಸಿದವರು. ಮೇ ತಿಂಗಳಲ್ಲೇ ಅಂಥ ಹೆಂಗಸರಿಂದ ಒಣ ಸಿಗಡಿ ಕೊಂಡಿಟ್ಟುಕೊಳ್ಳಿ; ಬದನೆಕಾಯಿ ಸಾರಿಗೆ ಮುದ್ದೆ ಜೊತೆ ಏನೂ ಕಡಿಮೆಯಾಗದು. ಒಂದು ಹಿಡಿ ನೀರಿಗೆ ಹಾಕಿ ನೋಡಿ, ಮರಳು ತಳಕ್ಕಿಳಿದರೆ ಬೇಡ. ನೆಲದ ಮೇಲಲ್ಲ, ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಒಣಗಿಸಿದ್ದನ್ನೇ ಕೇಳಿ. ಎರಡು ಕಾಸು ಹೆಚ್ಚಾದರೂ ಕೊಡಿ.

ಪಾಂಡವಪುರದ ಕಡೆಯ ಕೆರೆ ಗುತ್ತಿಗೆದಾರ: ನಮ್ಮನ್ನೂ ಮರೆಯಬೇಡಿ ಸ್ವಾಮಿ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ನಾವು ತಂದು ಬಿಟ್ಟದ್ದನ್ನೇ ಹಿಡಿಯುತ್ತೇವೆ. ಆದರೆ ನಮ್ಮ ಸುಗ್ಗಿ ಬೇಸಿಗೆಯಲ್ಲಿ, ಕೆರೆ ಇಳಿದಾಗ. ಜೂನ್, ಜುಲೈಗೆ ಬೇಕೆಂದರೆ ಮಾರ್ಚ್‌ನಲ್ಲೇ ಹೇಳಿಟ್ಟರೆ ಹೊಂಡದಲ್ಲಿ ಒಂದಿಷ್ಟು ಉಳಿಸಿಕೊಳ್ಳಬಹುದು. ಅಗ್ಗ ಎಂದು ಆಫ್ರಿಕನ್ ಕ್ಯಾಟ್‌ಫಿಶ್ ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಅದರ ಸಾಕಣೆಗೇ ನಿಷೇಧವಿದೆ.