‘ನ್ಯೂಡ್’ ಉಗುರುಬಣ್ಣಕ್ಕೆ ಪದ ಬೇಕು, ನಾಳೆ ಬೆಳಗ್ಗೆಯೊಳಗೆ (ಜೊತೆಗೆ: ‘ಸದ್ಯದ ಓದು’ ಸರಿಯೇ?)

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ.

ಒಂದು ಅಂಕಣವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೆದವರು ತಿಂಗಳಿಗೊಮ್ಮೆ ಹೊಸ ನೈಲ್ ಪಾಲಿಶ್ ಬಣ್ಣಗಳನ್ನು ಆರಿಸುತ್ತಾರೆ. ಆಗ ಓದುತ್ತಿರುವ ಪುಸ್ತಕದ ಬಗ್ಗೆಯೂ ಅದೇ ಬರಹದಲ್ಲಿ ಹೇಳುತ್ತಾರೆ. ಪುಸ್ತಕ ಹಿಡಿದಾಗ ಅಕ್ಷರದ ಪಕ್ಕದಲ್ಲೇ ಹೆಬ್ಬೆರಳ ಉಗುರು ಕಾಣುತ್ತದೆ, ಅದಕ್ಕೇ ಎರಡನ್ನೂ ಒಟ್ಟಿಗೆ ಆರಿಸುತ್ತಾರಂತೆ. ನನಗೆ ಈ ಮಾತು ತುಂಬಾ ಇಷ್ಟವಾಯಿತು. ನಾಳೆ ಬೆಳಗ್ಗೆ 10ಕ್ಕೆ ಪುಟ ಮುಗಿಯಬೇಕು, ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ನ್ಯೂಡ್’. ಇದು ಒಂದು ಬಣ್ಣ ಅಲ್ಲ, ಐದು ಬಣ್ಣಗಳ ಗುಂಪು. ನಿಘಂಟು ನೋಡಿದರೆ ಬೆತ್ತಲೆ, ನಗ್ನ ಅಂತ ಇದೆ. ‘ಬೆತ್ತಲೆ ಉಗುರು’ ಅಂದರೆ ಏನೂ ಹಚ್ಚದ ಉಗುರು ಅಂತಲೇ ಓದುತ್ತಾರೆ. ಇಲ್ಲಿ ಹಚ್ಚಿದ್ದಾರೆ, ಆದರೆ ಅದು ಬೆರಳಿನ ಬಣ್ಣದಲ್ಲಿ ಸೇರಿಹೋಗಬೇಕು. ಸದ್ಯಕ್ಕೆ ‘ಮೈಬಣ್ಣ’ ಅಂತ ಹಾಕಿದ್ದೇನೆ. ಬರೆದ ತಕ್ಷಣ ನನಗೇ ಪ್ರಶ್ನೆ ಬಂತು: ಯಾರ ಮೈ?

ಎರಡನೆಯದು ‘ಮ್ಯಾಟ್’, ಅಂದರೆ ಹಚ್ಚಿದರೂ ಹೊಳೆಯದ ಬಣ್ಣ. ‘ಮಂಕು’ ಅಂದರೆ ಹಳತಾಗಿ ಕೆಟ್ಟ ಹಾಗೆ ಕೇಳುತ್ತದೆ. ಇಟ್ಟಿಗೆ ಬಣ್ಣದ ಒಂದು ಮ್ಯಾಟ್ ಸೀಸೆಯನ್ನು ಅವರು ಬಹಳ ಹೊಗಳಿದ್ದಾರೆ. ಮಂಕು ಅಂತ ಹೊಗಳೋದು ಹೇಗೆ?

ಮೂರನೆಯದು ಶೀರ್ಷಿಕೆ, ‘ಕರೆಂಟ್ ರೀಡ್’. ‘ಸದ್ಯದ ಓದು’ ಅಂತ ಬರೆದೆ. ಓದು ಅನ್ನೋದು ಕೆಲಸ, ವಸ್ತು ಅಲ್ಲ, ‘ಸದ್ಯ ಓದುತ್ತಿರುವ ಪುಸ್ತಕ’ ಅಂತ ಮಾಡಿ ಎಂದು ಪುಟ ನೋಡುವವರು ತಿದ್ದಿದ್ದಾರೆ. ಅಷ್ಟುದ್ದಕ್ಕೆ ಜಾಗವೇ ಇಲ್ಲ.

ಈ ತಿಂಗಳ ಪುಸ್ತಕ ಬಣ್ಣದ ಪದಗಳ ಮೇಲೆಯೇ ಇದೆ. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 98 ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ, ಅವು ಭಾಷೆಗೆ ಯಾವ ಕ್ರಮದಲ್ಲಿ ಬರುತ್ತವೆ ಅಂತ ಒಂದು ಸಾಲು ಕಟ್ಟಿದರು. ಮೊದಲು ಕಪ್ಪು ಬಿಳಿ, ಆಮೇಲೆ ಕೆಂಪು, ಆಮೇಲೆ ಹಸಿರು ಮತ್ತು ಹಳದಿ, ಅದಾದ ಮೇಲೆ ನೀಲಿ, ಕಂದು, ಕೊನೆಗೆ ನೇರಳೆ, ಗುಲಾಬಿ, ಕಿತ್ತಳೆ, ಬೂದು. ಒಟ್ಟು 11. ಅಂಕಣದವರು ಪುಸ್ತಕ ಓದುತ್ತಾ ನೀಲಿ ತಡವಾಗಿ ಬಂದ ಪದ ಅಂತ ತಿಳಿದು, ಕಡುನೀಲಿ ಸೀಸೆಯೊಂದನ್ನು ಆರಿಸಿದ್ದಾರೆ. ಆ ಭಾಗ ಅನುವಾದ ಮಾಡುವಾಗ ನಾನೂ ಕಪಾಟಿನಿಂದ ನೀಲಿಯನ್ನೇ ತೆಗೆದು ಹಚ್ಚಿಕೊಂಡೆ.

ಸ.

*

> ಹೊಸ ನೈಲ್ ಪಾಲಿಶ್ ಬಣ್ಣಗಳನ್ನು

ಮೇಡಂ, ಇಲ್ಲೇ ತಪ್ಪಿದ್ದೀರಿ. ‘ಉಗುರುಬಣ್ಣ’ ಇದೆ. ಶೀರ್ಷಿಕೆಯಲ್ಲಿ ಬರೆದು ಒಳಗೆ ಕೈಬಿಟ್ಟಿದ್ದೀರಿ. ಪಾಲಿಶ್ ಅನ್ನು ಬಿಡದೆ ನ್ಯೂಡ್‌ಗೆ ಪದ ಹುಡುಕಿ ಪ್ರಯೋಜನವಿಲ್ಲ. ‘ನಖವರ್ಣ’ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ‘ಉಗುರುವರ್ಣ’ ಅಂತೂ ಅರಿಸಮಾಸ.

ರಂ.

*

ನೀವೆಲ್ಲ ಮೂಲವನ್ನೇ ನೋಡುತ್ತಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಕರ್ ಅಂತಲೂ ಹೆಸರಿದೆ. ಅದು ಪೋರ್ಚುಗೀಸರ ಬಾಯಿಂದ ಹೋದದ್ದು. ಅದರ ಬೇರು ನಮ್ಮ ಕಡೆಯ ಲಾಖ್, ಸಂಸ್ಕೃತದ ಲಾಕ್ಷಾ. ಅಂದರೆ ಅರಗು. ಮಹಾಭಾರತದ ಅರಗಿನ ಮನೆ ಎಲ್ಲರಿಗೂ ಗೊತ್ತು. ಲೋಕಕ್ಕೆಲ್ಲ ನಾವು ಕೊಟ್ಟ ವಸ್ತುವಿಗೆ ನಾವೇ ಪದ ಹುಡುಕುತ್ತಾ ಕೂತಿದ್ದೇವೆ. ‘ಉಗುರರಗು’ ಅನ್ನಿ. ಲೋಪಸಂಧಿ, ಅಚ್ಚುಕಟ್ಟಾಗಿದೆ.

ವೆಂ.

*

ಉಗುರರಗು ಬಾಯಲ್ಲಿ ಹೊರಳುವುದಿಲ್ಲ. ಅಲ್ಲದೆ ಸೀಸೆಯಲ್ಲಿ ಅರಗೂ ಇಲ್ಲ. ಅದರಲ್ಲಿರೋದು ನೈಟ್ರೋಸೆಲ್ಯುಲೋಸ್, ಈಥೈಲ್ ಅಸಿಟೇಟ್ ಮತ್ತು ಬ್ಯುಟೈಲ್ ಅಸಿಟೇಟ್‌ನಲ್ಲಿ ಕರಗಿಸಿದ್ದು. ಹಚ್ಚಿದ ಮೇಲೆ ದ್ರಾವಕ ಆರಿಹೋಗುತ್ತದೆ, ತೆಳು ಪೊರೆ ಉಳಿಯುತ್ತದೆ. ಕಾರಿಗೆ ಹೊಡೆಯುತ್ತಿದ್ದ ಬಣ್ಣದ ಹತ್ತಿರದ ನಂಟು ಅದು.

ಕು.

*

> ಸೀಸೆಯಲ್ಲಿ ಅರಗೂ ಇಲ್ಲ

ಪೆನ್ಸಿಲಿನೊಳಗೆ ಸೀಸ ಇದೆಯೇ? ಗ್ರಾಫೈಟ್ ಇದೆ. ‘ಸೀಸದಕಡ್ಡಿ’ ಅನ್ನುವುದನ್ನು ಯಾರು ಬಿಟ್ಟರು? ಪದಕ್ಕೆ ರಸಾಯನಶಾಸ್ತ್ರದ ಅಪ್ಪಣೆ ಬೇಕಿಲ್ಲ.

ವೆಂ.

*

ವೆಂ. ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಪದ ವಸ್ತುವಿನಿಂದ ದೂರ ಹೋಗಬಹುದು, ನಿಜ. ಆದರೆ ಸೀಸದಕಡ್ಡಿ ಜನ ಆಡಿ ಉಳಿದ ಪದ. ಉಗುರರಗನ್ನು ಯಾರೂ ಆಡಿಯೇ ಇಲ್ಲ.

ನನ್ನ ಮನಸ್ಸು ‘ಮೆರುಗು’ ಕಡೆಗಿತ್ತು. ವಾರ್ನಿಶ್‌ಗೆ ‘ಮೆರುಗೆಣ್ಣೆ’ ಅಂತ ಚೆಂದದ ಪದ ಇದೆ. ಇಂಗ್ಲಿಷಿನವರೂ ನೈಲ್ ವಾರ್ನಿಶ್ ಅನ್ನುತ್ತಾರೆ. ಆದರೆ ಮ್ಯಾಟ್ ಬಂದ ಕೂಡಲೇ ಕೈಬಿಡಬೇಕಾಯಿತು. ಮೆರುಗೇ ಇಲ್ಲದ್ದನ್ನು ಮೆರುಗು ಅಂತ ಕರೆಯೋದು ಹೇಗೆ? ಹಾಗೆ ನೋಡಿದರೆ ‘ಪಾಲಿಶ್’ ಅನ್ನೋದೂ ಹಳೆಯ ಕೆಲಸದ ಹೆಸರೇ. ಮೊದಲು ಪುಡಿ ಹಾಕಿ ಉಗುರನ್ನು ಉಜ್ಜಿ ಹೊಳಪು ಬರಿಸುತ್ತಿದ್ದರು. 1932ರಲ್ಲಿ ಶುರುವಾದ ರೆವ್ಲಾನ್ ಪುಡಿಬಣ್ಣ ಬೆರೆಸಿದ ಗಟ್ಟಿ ಬಣ್ಣ ಮಾರಿತು. ಹೊಳಪು ಹಿಂದೆ ಸರಿಯಿತು, ಬಣ್ಣ ಮುಂದೆ ಬಂತು. ಹೆಸರು ಮಾತ್ರ ಪಾಲಿಶ್ ಅಂತಲೇ ಉಳಿಯಿತು. ಆದ್ದರಿಂದ ಈಗಿನ ವಸ್ತುವಿಗೆ ‘ಉಗುರುಬಣ್ಣ’ವೇ ಮೂಲಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಕ್ರಿಯಾಪದ ಮಾತ್ರ ನೋಡಿಕೊಳ್ಳಿ, ಅಕ್ಕ. ‘ಬಳಿಯುವುದು’ ಗೋಡೆಗೆ. ಉಗುರಿಗೆ ‘ಹಚ್ಚುವುದು’.

ಮೀ.

*

ಓದು ಬಗ್ಗೆ ಮಾತ್ರ ಹೇಳುತ್ತೇನೆ. ತಿದ್ದಿದವರು ತಪ್ಪು.

‘ಹಾಡು’ ಹಾಡುವ ಕೆಲಸವೂ ಹೌದು, ಹಾಡಿದ್ದೂ ಹೌದು. ‘ನುಡಿ’ ಹಾಗೇ. ‘ಬರಹ’ ಬರೆಯುವುದೂ ಹೌದು, ಬರೆದದ್ದೂ ಹೌದು. ‘ಉಡುಗೆ’ಯಲ್ಲಂತೂ ವಸ್ತುವೇ ಮುಂದೆ ನಿಂತಿದೆ. ಧಾತು ಹಾಗೆಯೋ ಪ್ರತ್ಯಯ ಸೇರಿಯೋ ನಾಮವಾದಾಗ ಕೆಲಸದಿಂದ ವಸ್ತುವಿಗೆ ಜಾರುವುದು ಕನ್ನಡದ ನಡೆ. ‘ಅವಳ ಓದು ದೊಡ್ಡದು’ ಅಂದಾಗ ಅವಳು ಓದಿದ ಪುಸ್ತಕಗಳೂ ಅದರೊಳಗೆ ಇವೆ. ‘ಸದ್ಯದ ಓದು’ ಇಡಿ.

‘ಪ್ರಸ್ತುತ ಪಠಣ’ ಅಂತ ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಬೇಡ. ಪಠಣ ಬೇರೆ, ಓದು ಬೇರೆ.

ಜ.

*

ಜ. ಅವರೇ, ನಿಮ್ಮ ಉದಾಹರಣೆಗಳನ್ನೇ ಪುಟ ನೋಡುವವರಿಗೆ ಕಳಿಸಿದೆ. ‘ಹಾಡು’ ನೋಡಿ ಒಪ್ಪಿದರು. ತುಂಬಾ ಧನ್ಯವಾದ.

‘ನ್ಯೂಡ್’ ಮಾತ್ರ ಇನ್ನೂ ಹಾಗೇ ಇದೆ. ದಯವಿಟ್ಟು ಅದಕ್ಕೆ ಬನ್ನಿ. ಮೂಲದಲ್ಲಿ ಅವರು ಇದನ್ನು ಹೇಗೆ ಆರಿಸಬೇಕು ಅಂತಲೂ ಬರೆದಿದ್ದಾರೆ, ಪದಕ್ಕೆ ಅದು ಸಹಾಯ ಮಾಡಬಹುದು. ಸೀಸೆಯಲ್ಲಿ ಬಣ್ಣ ದಪ್ಪವಾಗಿ ನಿಂತಿರುತ್ತದೆ, ಹಾಗಾಗಿ ಗಾಢವಾಗಿ ಕಾಣುತ್ತದೆ. ಉಗುರಿನ ಮೇಲೆ ಒಂದು ತೆಳು ಪದರ ಹಚ್ಚಿದರೆ ಕೆಳಗಿನ ಗುಲಾಬಿ ಉಗುರು ಇಣುಕುತ್ತದೆ. ಆದ್ದರಿಂದ ಸೀಸೆ ನೋಡಿ ಆರಿಸಬೇಡಿ, ಎರಡು ಪದರ ಹಚ್ಚಿ ಹಗಲಿನ ಬೆಳಕಿನಲ್ಲಿ ಬೆರಳಿನ ಪಕ್ಕ ಹಿಡಿದು ನೋಡಿ ಅನ್ನುತ್ತಾರೆ. ಒಬ್ಬರ ಕೈಗೆ ಮೈಯಂತೆ ಕಾಣುವ ಸೀಸೆ ಇನ್ನೊಬ್ಬರ ಕೈಗೆ ಸುಣ್ಣದಂತೆ ಕಾಣುತ್ತದೆ. ನನ್ನದು ಕಪ್ಪು ಕೈ. ‘ನ್ಯೂಡ್’ ಅಂತ ಬರೆದ ಎಷ್ಟೋ ಸೀಸೆ ನನ್ನ ಬೆರಳಿನ ಮೇಲೆ ಬಿಳಿ ಚುಕ್ಕೆಯ ಹಾಗೆ ಎದ್ದು ಕಂಡಿವೆ. ಅದಕ್ಕೇ ಈ ಪದ ಸುಮ್ನೆ ಬರೆದು ಮುಗಿಸೋಕೆ ಆಗುತ್ತಿಲ್ಲ.

ಸ.

*

ಮೈಬಣ್ಣ ಸಾಕು. ಬಣ್ಣ ತದ್ಭವ, ಮೈ ನಮ್ಮದು. ಸಮಾಸ ಶುದ್ಧ.

ರಂ.

*

> ಸಮಾಸ ಶುದ್ಧ

ಕೇಳಿದ್ದು ಅದನ್ನಲ್ಲ ಸರ್. ಯಾರ ಮೈ ಅಂತ ಕೇಳಿದ್ದಾರೆ.

ಅಕ್ಕ, ಕ್ರೇಯೋಲಾದವರು ತಮ್ಮ ಬಳಪದ ಒಂದು ಬಣ್ಣಕ್ಕೆ ‘ಮೈ’ ಅನ್ನುವ ಅರ್ಥದ ಹೆಸರಿಟ್ಟಿದ್ದರು. 1962ರಲ್ಲಿ ಅದನ್ನು ‘ಪೀಚ್’ ಅಂತ ಬದಲಿಸಿದರು. ಮೈ ಅಂದರೆ ಒಂದೇ ಬಣ್ಣ ಅಂತ ಹೇಳುವ ಪದ ಎಲ್ಲ ಭಾಷೆಯಲ್ಲೂ ತೊಂದರೆ ಕೊಡುತ್ತದೆ. ಆದರೆ ಕನ್ನಡಕ್ಕೆ ಇಲ್ಲೊಂದು ಅನುಕೂಲ ಇದೆ. ಮೈಬಣ್ಣ ಅಂದಾಗ ಇಂಥದೇ ಬಣ್ಣ ಅಂತ ನಮಗೆ ಕಣ್ಣಿಗೆ ಬರುವುದಿಲ್ಲ. ‘ಅವಳ ಮೈಬಣ್ಣ ಯಾವುದು?’ ಅಂತ ಕೇಳಬಹುದು, ಉತ್ತರ ಏನೂ ಇರಬಹುದು. ಅದು ಬಣ್ಣದ ಹೆಸರಲ್ಲ, ಜಾಗದ ಹೆಸರು. ಹಾಗಾಗಿ ಗುಂಪಿಗೆ ‘ಮೈಬಣ್ಣಗಳು’ ಅಂತ ಬಹುವಚನ ಹಾಕಿ. ಐದಕ್ಕೂ ಬೇರೆ ಬೇರೆ ಹೆಸರು ಕೊಡಿ. ಹೆಸರಿಗೇನು ಬರ? ಗೋಧಿಬಣ್ಣ, ಎಣ್ಣೆಗೆಂಪು, ನಸುಗಂದು, ಎಣ್ಣೆಗಪ್ಪು. ‘ಎಣ್ಣೆಗಪ್ಪು’ ನೋಡಿ, ಕಪ್ಪನ್ನೂ ಅದರ ಮೇಲಿನ ಹೊಳಪನ್ನೂ ಒಂದೇ ಪದದಲ್ಲಿ ಹಿಡಿದಿದೆ. ಉಗುರುಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಕಷ್ಟ.

ಮೀ.

*

ಎಣ್ಣೆಗೆಂಪು, ಎಣ್ಣೆಗಪ್ಪು ಜನರನ್ನು ಅಳೆಯೋಕೆ ಬಳಸಿದ ಮಾತುಗಳು. ಸೀಸೆಯ ಮೇಲೆ ಹಾಕಿದರೆ ಆ ಅಳತೆಯೂ ಜೊತೆಗೆ ಬರುತ್ತದೆ.

ಕು.

*

ಬರುತ್ತದೆ, ಗೊತ್ತು. ಆದರೆ ಅಳೆಯುತ್ತಿದ್ದವರು ಬೇರೆಯವರು. ಇಲ್ಲಿ ತನ್ನ ಕೈಗೆ ತಾನೇ ಆರಿಸುವವಳು ಓದುತ್ತಾಳೆ. ನನಗೆ ಎಣ್ಣೆಗಪ್ಪು ಅಂತ ಬರೆದ ಸೀಸೆ ಬೇಕು. ಇಷ್ಟು ವರ್ಷ ಒಂದೂ ಸಿಕ್ಕಿಲ್ಲ.

ಸ.

*

ಎಲ್ಲರೂ ಬಣ್ಣ ಬಣ್ಣ ಅನ್ನುತ್ತಿದ್ದೀರಿ. ರಂ. ಅವರು ಪಾಲಿಶ್ ಹೊರಗಿನದು ಅಂತ ಓಡಿಸಿದರು. ಬಣ್ಣ ಎಲ್ಲಿಯದು? ವರ್ಣ, ಪ್ರಾಕೃತದ ವಣ್ಣ, ಬಣ್ಣ. ಅದೂ ಸಾಲವೇ. ಒಂದು ಸಾಲ ಹಳೆಯದು, ಇನ್ನೊಂದು ಹೊಸದು. ಇಷ್ಟೇ ವ್ಯತ್ಯಾಸ ಅಲ್ವಾ?

ಕು.

*

ಅಲ್ಲ. ಇಷ್ಟೇ ವ್ಯತ್ಯಾಸ ಅಲ್ಲ. ಬಣ್ಣ ಕನ್ನಡದ ಮೈ ಪಡೆದಿದೆ. ಸ್ವರದಲ್ಲಿ ಮುಗಿಯುತ್ತದೆ, ಬಣ್ಣಕ್ಕೆ, ಬಣ್ಣದ, ಬಣ್ಣಿಸು ಅಂತ ಬಾಗುತ್ತದೆ. ಕೇಶಿರಾಜ ವ್ಯಾಕರಣ ಬರೆದ ಕಾಲಕ್ಕೇ ಇಂಥ ಪದಗಳಿಗೆ ಅಪಭ್ರಂಶ ಪ್ರಕರಣ ಅಂತ ಒಂದು ಅಧ್ಯಾಯವೇ ಬೇಕಾಗಿತ್ತು. 13ನೇ ಶತಮಾನದ ಆಂಡಯ್ಯ ತತ್ಸಮ ಬಿಟ್ಟು ಕಾವ್ಯ ಬರೆದ, ತದ್ಭವ ಬಿಡಲಿಲ್ಲ. ಪಾಲಿಶ್ ಬಾಗುವುದಿಲ್ಲ. ‘ಪಾಲಿಶ್‌ಗೆ’ ಅಂತ ಮುರಿದು ಬರೆಯಬೇಕು. ಬಸ್ಸು ಬಾಗಿತು, ಬಸ್ಸಿಗೆ ಆಯಿತು. ಕಾರು ಬಾಗಿತು, ಪೆನ್ನು ಬಾಗಿತು. ಬಾಗಿದ್ದನ್ನು ನಾನು ಯಾವತ್ತೂ ಬೇಡ ಅಂದಿಲ್ಲ.

ರಂ.

*

ಹಾಗಾದರೆ ‘ಪಾಲಿಶು’ ಅನ್ನಿ, ‘ಪಾಲಿಶಿಗೆ’ ಅನ್ನಿ. ಆಡುವವರು ಆಗಲೇ ಹಾಗೆ ಆಡುತ್ತಾರೆ. ಬರೆಯುವವರೇ ಅದನ್ನು ಬಾಗೋಕೆ ಬಿಡುತ್ತಿಲ್ಲ. ಆಮೇಲೆ ಬಾಗಲಿಲ್ಲ ಅಂತ ದೂರುತ್ತೀರಿ.

ಕು.

*

ಸ. ಮೇಡಂ ಹೇಳಿದ ಪುಸ್ತಕದ ಸಾಲನ್ನು ಕನ್ನಡಕ್ಕೆ ಹಿಡಿದು ನೋಡಿದೆ, ರಾತ್ರಿ ಅದೇ ಕೆಲಸವಾಯಿತು. ಕಪ್ಪು, ಬಿಳಿ, ಕೆಂಪು, ಹಸಿರು ನಾಲ್ಕೂ ನಮ್ಮ ಬೇರಿನವು. ಹಸಿರು ‘ಹಸಿ’ಯ ನಂಟು. ಮೊದಲ ಮೂರಕ್ಕೆ ಸಮಾಸದಲ್ಲಿ ಬರುವ ಮೊಟಕು ರೂಪವೂ ಇದೆ: ಕಾರ್ಮೋಡ, ಬೆಳ್ದಿಂಗಳು, ಕೆಂದಾವರೆ. ನೀಲಿಗೆ ಬಂದರೆ ಸಂಸ್ಕೃತದ ನೀಲ. ಅದಕ್ಕೆ ‘ಕೆಂ’ ತರಹದ ಮೊಟಕು ರೂಪವೇ ಹುಟ್ಟಲಿಲ್ಲ. ಗುಲಾಬಿ ಫಾರ್ಸಿಯದು, ಗುಲ್ ಅಂದರೆ ಹೂ, ಆಬ್ ಅಂದರೆ ನೀರು. ಬೂದು ಬೂದಿಯಿಂದ, ಬೂದಿ ಭೂತಿಯಿಂದ. ಸಾಲಿನಲ್ಲಿ ಮುಂದೆ ಹೋದ ಹಾಗೆ ಸಾಲವೋ ವಸ್ತುವಿನ ಹೆಸರೋ ಜಾಸ್ತಿ ಸಿಗುತ್ತದೆ. ಒಂದು ಭಾಷೆಯ ಸಾಕ್ಷಿಯಿಂದ ಸಿದ್ಧಾಂತ ನಿಲ್ಲುವುದಿಲ್ಲ, ಬರ್ಲಿನ್ ಮತ್ತು ಕೇ ಸಾಲನ್ನು ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಆದರೂ ಇದನ್ನು ನೋಡಿದ ಮೇಲೆ, ನೀಲಿ ಉಗುರಿನ ಬಗ್ಗೆ ಸಾಲ ಮಾಡದೆ ಮಾತಾಡಿ ಅಂತ ಯಾರಿಗೂ ಹೇಳಲಾರೆ.

ಮ್ಯಾಟ್‌ಗೆ ಒಂದು ಮಾತು. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಇರುತ್ತದೆ, ಬೆಳಕು ಎಲ್ಲ ಕಡೆ ಚೆದುರುತ್ತದೆ, ಅದರಿಂದ ಹೊಳಪು ಕಾಣುವುದಿಲ್ಲ. ‘ಹೊಳಪುಗೆಟ್ಟ’ ತಪ್ಪು, ಕೆಟ್ಟದ್ದೇನೂ ಇಲ್ಲ. ‘ಹೊಳಪಿಲ್ಲದ’ ಸರಿ, ಆದರೆ ಇಲ್ಲದ್ದನ್ನು ಹೇಳುತ್ತದೆ, ಇರುವುದನ್ನು ಹೇಳುವುದಿಲ್ಲ. ನನಗೆ ಒಂದು ಪದ ಸಿಕ್ಕಿಲ್ಲ.

ಜ.

*

ಅರಗಿನ ಬಗ್ಗೆ ಯಾರೂ ಉತ್ತರಿಸಲಿಲ್ಲ. ದಾಖಲೆಗಾಗಿ ಹೇಳುತ್ತಿದ್ದೇನೆ.

ವೆಂ.

*

ಬೆಳಗಾಯಿತು, ಪುಟ ಹೋಯಿತು. ಎಲ್ಲರಿಗೂ ಋಣಿ.

ಶೀರ್ಷಿಕೆ ‘ಸದ್ಯದ ಓದು’. ಒಳಗೆಲ್ಲ ‘ಉಗುರುಬಣ್ಣ’, ಕ್ರಿಯಾಪದ ‘ಹಚ್ಚು’. ಅಂಕಣದವರು ಆಡುಮಾತಿನಲ್ಲಿ ಗೆಳತಿಗೆ ಹೇಳುವ ಒಂದು ವಾಕ್ಯದಲ್ಲಿ ಮಾತ್ರ ‘ಪಾಲಿಶು’ ಇಟ್ಟಿದ್ದೇನೆ. ಗುಂಪಿಗೆ ‘ಮೈಬಣ್ಣಗಳು’. ಐದು ಹೆಸರು ತಿಳಿಗೋಧಿ, ಗೋಧಿ, ಎಣ್ಣೆಗೆಂಪು, ನಸುಗಂದು, ಎಣ್ಣೆಗಪ್ಪು. ಕು. ಅವರ ಆತಂಕವನ್ನು ಪುಟ ನೋಡುವವರಿಗೂ ತಿಳಿಸಿದೆ. ಇಬ್ಬರೂ ಕೂತು ಐದನ್ನೂ ಗಟ್ಟಿಯಾಗಿ ಓದಿ ನೋಡಿದೆವು. ಇರಲಿ ಅಂತ ತೀರ್ಮಾನಿಸಿದೆವು.

ಇಟ್ಟಿಗೆ ಬಣ್ಣದ ಸೀಸೆ ‘ಮ್ಯಾಟ್’ ಆಗಿಯೇ ಹೋಗಿದೆ.

ಸ.

*

‘ಮ್ಯಾಟ್’ ಒಪ್ಪುವುದಿಲ್ಲ. ಮುಂದಿನ ತಿಂಗಳ ಅಂಕಣಕ್ಕೆ ಮುಂಚೆ ಬರೆಯುತ್ತೇನೆ.

ರಂ.